ಲಿಂಗನಮಕ್ಕಿ ಮಟ್ಟ ನೋಡಿ ಹಾಲು ತರಿಸುವವನ ಪಾಠಗಳು

ಬೆಂಗಳೂರಿನ ಕಾಫಿ ಶಾಪೊಂದರಲ್ಲಿ ಎಸ್‌ಪ್ರೆಸೊ ಮಷಿನ್ ಮುಂದೆ ಕೆಲವು ವರ್ಷ ನಿಂತೆ. ಆಮೇಲೆ ಊರ ಕಡೆ ಬಂದು ಸಾಗರದ ಹೋಟೆಲೊಂದರಲ್ಲಿ ಕಾಫಿ ಕೌಂಟರ್ ಹಿಡಿದೆ. ಅಲ್ಲಿ ಎದೆಯ ಮೇಲೆ ಹೆಸರಿನ ಬಿಲ್ಲೆ, ಕಪ್ಪು ಏಪ್ರನ್, ಬರಿಸ್ತಾ ಅನ್ನುವ ಹುದ್ದೆ. ಇಲ್ಲಿ ಹೆಗಲ ಮೇಲೊಂದು ಟವೆಲ್. ಗಿರಾಕಿಗಳು 'ಅಣ್ಣಾ' ಅನ್ನುತ್ತಾರೆ, ವಯಸ್ಸಾದವರು 'ತಮ್ಮಾ' ಅನ್ನುತ್ತಾರೆ, ತೀರಾ ಹಳಬರಿಗೆ ನಾನಿನ್ನೂ 'ಮಾಣಿ'. ಎರಡೂ ಕಡೆ ನೆಂಟರು ಕೇಳಿದ್ದು ಒಂದೇ ಪ್ರಶ್ನೆ: 'ಬೆಳಗಿಂದ ಸಂಜೆವರೆಗೆ ಕಾಫಿ ಮಾಡೋದಂದ್ರೆ ಅದರಲ್ಲಿ ಏನಿರ್ತದೆ ಮಾರಾಯಾ?' ಅವರಿಗೆ ಹೇಳಿದ್ದನ್ನೂ, ಹೇಳಲು ಪುರುಸೊತ್ತಾಗದೆ ಉಳಿದದ್ದನ್ನೂ ಇಲ್ಲಿ ಬರೆದಿದ್ದೇನೆ.

1. ರುಚಿ ತೀರ್ಮಾನವಾಗುವುದು ಗಿರಾಕಿ ಬರುವ ಮೊದಲೇ

ಬೆಳಗಿನ ಜಾವ ಶಟರ್ ಎತ್ತಿದ ಮೇಲೆ ನಾನು ಮೊದಲು ಕೈಗೆತ್ತಿಕೊಳ್ಳುವುದು ಫಿಲ್ಟರ್. ಹಿಂದಿನ ರಾತ್ರಿ ತೊಳೆದು ಬೋರಲು ಹಾಕಿದ್ದನ್ನು ದೀಪಕ್ಕೆ ಹಿಡಿದು ತೂತು ನೋಡುತ್ತೇನೆ. ಅರ್ಧ ತೂತು ಕಟ್ಟಿಕೊಂಡಿದ್ದರೂ ಮುಕ್ಕಾಲು ಗಂಟೆಯಲ್ಲಿ ಇಳಿಯಬೇಕಾದ ಡಿಕಾಕ್ಷನ್ ಒಂದೂವರೆ ಗಂಟೆ ಹಿಡಿಯುತ್ತದೆ, ಇಳಿದಾಗ ಕಹಿಯಾಗಿರುತ್ತದೆ. ಪುಡಿ ಹಾಕಿ ಮಟ್ಟ ಮಾಡಬೇಕು, ಜೋರಾಗಿ ಒತ್ತಬಾರದು. ಕುದಿ ಬಂದ ನೀರನ್ನು ಅರೆಗಳಿಗೆ ಬಿಟ್ಟು, ಅಂಚಿನಿಂದ ಸುತ್ತು ಹಾಕುತ್ತ ಹುಯ್ಯಬೇಕು. ನಡುಮಧ್ಯೆ ಒಂದೇ ಧಾರೆ ಬಿಟ್ಟರೆ ಅಲ್ಲೊಂದು ಹೊಂಡ ಬಿದ್ದು ನೀರೆಲ್ಲ ಅದರಲ್ಲೇ ಇಳಿದುಹೋಗುತ್ತದೆ. ಬದಿಯ ಪುಡಿ ಸಂಜೆ ತೆಗೆಯುವಾಗಲೂ ಒಣಗಿಯೇ ಇರುತ್ತದೆ. ಆ ಒಣಪುಡಿಗೂ ಯಜಮಾನರು ದುಡ್ಡು ಕೊಟ್ಟಿರುತ್ತಾರೆ.

ಮೊದಲ ಸಲ ಇಳಿದದ್ದು ಗಟ್ಟಿ, ಎರಡನೆಯದು ತೆಳು. ಇವೆರಡನ್ನು ಎಷ್ಟಕ್ಕೆಷ್ಟು ಬೆರೆಸುತ್ತೀರಿ ಎನ್ನುವುದರ ಮೇಲೆ ಆ ದಿನದ ಕಾಫಿ ನಿಂತಿದೆ. ಪುಡಿಯಲ್ಲಿ ಚಿಕೋರಿ ಎಷ್ಟಿದೆ ಎಂಬುದೂ ಗೊತ್ತಿರಬೇಕು. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಪ್ರಮಾಣ ಪೊಟ್ಟಣದ ಮೇಲೆ ಬರೆದಿರಬೇಕು. ಚಿಕೋರಿ ಜಾಸ್ತಿ ಇದ್ದರೆ ಬಣ್ಣ ದಟ್ಟವಾಗುತ್ತದೆ, ನೀರು ಹಿಡಿದುಕೊಂಡು ನಿಧಾನ ಇಳಿಯುತ್ತದೆ. ಕಪ್ಪಗಿದ್ದದ್ದೆಲ್ಲ ಸ್ಟ್ರಾಂಗ್ ಎಂದು ನಂಬಿರುವ ಗಿರಾಕಿ ಖುಷಿಯಾಗುತ್ತಾರೆ. ನನಗೆ ಚಿಕೋರಿಯ ಮೇಲೆ ಸಿಟ್ಟಿಲ್ಲ. ಹಾಲು ಹಾಕಿ ಕುಡಿಯುವ ಕಾಫಿಗೆ ಸ್ವಲ್ಪ ಚಿಕೋರಿ ಇದ್ದರೇ ಮೈ ಬರುತ್ತದೆ. ಶುದ್ಧ ಕಾಫಿ ಎಂದು ಬೋರ್ಡ್ ಬರೆಸಿ ಅದನ್ನು ಹಾಕುವವರ ಬಗ್ಗೆ ಮಾತ್ರ ಸಿಟ್ಟು.

ಬೆಂಗಳೂರಿನಲ್ಲಿ ಇದೇ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಸುಮಾರು 18 ಗ್ರಾಂ ಪುಡಿ, 9 ಬಾರ್ ಒತ್ತಡ, 25ರಿಂದ 30 ಸೆಕೆಂಡ್. ಆದರೆ ಆ ಅರ್ಧ ನಿಮಿಷ ಸರಿಯಾಗಬೇಕಾದರೆ ಅಂಗಡಿ ತೆರೆಯುವ ಮುಂಚೆ ಗ್ರೈಂಡರ್ ತಿರುಗಿಸಿ, ಶಾಟ್ ತೆಗೆದು, ರುಚಿ ನೋಡಿ, ಚೆಲ್ಲಿ, ಮತ್ತೆ ತಿರುಗಿಸಬೇಕಿತ್ತು.

2. ಪೇಪರಿನಲ್ಲಿ ಮೊದಲು ನೀರಿನ ಮಟ್ಟ ನೋಡಿ

ಬೆಂಗಳೂರಿನಲ್ಲಿ ಗಿರಾಕಿ ಎಷ್ಟು ಬರುತ್ತಾರೆಂದು ಕಂಪ್ಯೂಟರ್ ಹೇಳುತ್ತಿತ್ತು. ಇಲ್ಲಿ ಲಿಂಗನಮಕ್ಕಿ ಹೇಳುತ್ತದೆ.

1964ರಲ್ಲಿ ಶರಾವತಿಗೆ ಕಟ್ಟಿದ ಈ ಅಣೆಕಟ್ಟಿನ ಗರಿಷ್ಠ ಮಟ್ಟ 1,819 ಅಡಿ, ಹಿಡಿಯುವ ನೀರು 150 ಟಿಎಂಸಿಗೂ ಹೆಚ್ಚು. ಮಳೆಗಾಲದಲ್ಲಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಇಂದಿನ ಮಟ್ಟ, ಹಿಂದಿನ ವರ್ಷದ ಇದೇ ದಿನದ ಮಟ್ಟ, ಒಳಹರಿವು ಎಲ್ಲ ಬರುತ್ತದೆ. ಅಡಿಕೆ ಧಾರಣೆಯ ಪಕ್ಕದಲ್ಲೇ ಇರುತ್ತದೆ. ನಾನು ಅದನ್ನು ನೋಡಿ ಹಾಲು ಹೇಳುತ್ತೇನೆ.

ಆರಿದ್ರಾ ಮಳೆ ಹಿಡಿದಾಗ ಜೋಗಕ್ಕೆ ಜನ ಬರತೊಡಗುತ್ತಾರೆ. ಅಣೆಕಟ್ಟೆಯ ಕೆಳಗಿನ ಕಾಡು ಸುರಿಸಿದ ನೀರೇ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ಅಷ್ಟರ ಮಟ್ಟಿಗೆ ತುಂಬಿಸುತ್ತದೆ. ಆಗ ಶನಿವಾರ, ಭಾನುವಾರ ಮಾತ್ರ ಗದ್ದಲ. ಪುಷ್ಯ, ಆಶ್ಲೇಷಾ ಹೊತ್ತಿಗೆ ಮಟ್ಟ 1,810 ದಾಟಿದರೆ ಗೇಟ್ ತೆಗೆಯುತ್ತಾರಂತೆ ಎಂಬ ಸುದ್ದಿ ಶುರುವಾಗುತ್ತದೆ. ಗೇಟ್ ಇನ್ನೂ ತೆಗೆದಿರುವುದಿಲ್ಲ, ಹುಬ್ಬಳ್ಳಿಯ ಕಾರು ಬಂದು ನಿಂತಾಗಿರುತ್ತದೆ. 830 ಅಡಿಯಿಂದ ಬೀಳುವ ನೀರು ನೋಡಿ, ಮಳೆಯಲ್ಲಿ ನೆನೆದು, ಹಲ್ಲು ಕಟಕಟ ಅನ್ನಿಸುತ್ತ ವಾಪಸ್ ಬರುವವರಿಗೆ ಒಂದು ಕಾಫಿ ಸಾಲುವುದಿಲ್ಲ. ಆ ವಾರಾಂತ್ಯಕ್ಕೆ ಹಾಲು ಎರಡು ಪಟ್ಟು ಹೇಳುತ್ತೇನೆ, ಪುಡಿ ಶುಕ್ರವಾರವೇ ತರಿಸಿಡುತ್ತೇನೆ. ಮಳೆ ಕೈಕೊಟ್ಟು ಗೇಟ್ ತೆಗೆಯದೇ ಹೋಗುವ ವರ್ಷಗಳೂ ಉಂಟು. ಆ ವರ್ಷ ಯಜಮಾನರ ಮುಖ ನೋಡಿದರೇ ಮಟ್ಟ ಎಷ್ಟೆಂದು ಗೊತ್ತಾಗುತ್ತದೆ.

ಮಟ್ಟ ತೀರಾ ಕೆಳಗಿಳಿದಾಗಲೂ ಗಿರಾಕಿಗಳಿದ್ದಾರೆ, ಬೇರೆ ತರಹದವರು. 1948ರಲ್ಲಿ ಜೋಗದ ವಿದ್ಯುದಾಗಾರಕ್ಕೆಂದು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತಲ್ಲ, ನೀರು ಕಡಿಮೆಯಾದ ಬೇಸಿಗೆಗಳಲ್ಲಿ ಅದು ಮೇಲೆ ಕಾಣಿಸುತ್ತದೆ. ಮಡೆನೂರು ಡ್ಯಾಂ ಎಂದೇ ಎಲ್ಲರೂ ಹೇಳುವುದು. ಕ್ಯಾಮೆರಾ ಹಿಡಿದ ಹುಡುಗರು ಅದನ್ನು ನೋಡಲು ಬರುತ್ತಾರೆ. ಅವರ ನಡುವೆ ಶಿವಮೊಗ್ಗ, ಭದ್ರಾವತಿ ಕಡೆಯಿಂದ ಮಗನ ಕಾರಿನಲ್ಲಿ ಬರುವ ಮುದುಕರೂ ಇರುತ್ತಾರೆ. ಮುಳುಗಡೆಯಲ್ಲಿ ಎದ್ದುಹೋದ ಮನೆಗಳ ಮಕ್ಕಳು ಅವರು. ನಮ್ಮಜ್ಜನ ಊರೂ ಅಲ್ಲೇ ಎಲ್ಲೋ ಕೆಳಗಿದೆ. ಇವರು ಕಾಫಿ ಕುಡಿದು ಬೇಗ ಏಳುವುದಿಲ್ಲ. ಟೇಬಲ್ ಒರೆಸುವ ನೆಪದಲ್ಲಿ ಎಬ್ಬಿಸಬೇಡಿ ಎಂದು ಸಪ್ಲೈ ಹುಡುಗರಿಗೆ ಹೇಳಿಟ್ಟಿದ್ದೇನೆ.

3. ಜನ ಎಲ್ಲಿ ಕಾಯುತ್ತಾರೋ ಅಲ್ಲಿ ಕಾಫಿ ಖರ್ಚಾಗುತ್ತದೆ

ಬಾಯಾರಿಕೆಗೆ ಕಾಫಿ ಕುಡಿಯುವವರು ಕಡಿಮೆ. ಬಸ್ಸಿಗೆ, ವಕೀಲರಿಗೆ, ಮಂಡಿಯಲ್ಲಿ ಅಡಿಕೆ ತೂಕ ಆಗುವುದಕ್ಕೆ, ಆಸ್ಪತ್ರೆಯ ಚೀಟಿಗೆ ಕಾಯುತ್ತ ಕುಡಿಯುವವರೇ ಹೆಚ್ಚು.

ಇದು ನನಗೆ ಸರಿಯಾಗಿ ಅರ್ಥವಾದದ್ದು 2025ರ ಜುಲೈ 14ರ ನಂತರ. ಅಂದು ಲಿಂಗನಮಕ್ಕಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಅದಕ್ಕೂ ಮುಂಚೆ ಸಾಗರದ ಕಡೆಯಿಂದ ಸಿಗಂದೂರು ಚೌಡೇಶ್ವರಿಗೆ ಹೋಗುವವರು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ರಜೆಯ ದಿನ, ಸಂಕ್ರಾಂತಿ ಜಾತ್ರೆಯ ದಿನ ಆ ವಾಹನಗಳ ಸಾಲು ನೋಡಿದವರಿಗೇ ಗೊತ್ತು. ಸಾಲಿನಲ್ಲಿ ನಿಂತವರು ಏನು ಮಾಡುತ್ತಾರೆ? ಚಾ, ಕಾಫಿ, ಮಂಡಕ್ಕಿ. ಈಗ ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದದ ಸೇತುವೆ, ಕಾರು ನಿಲ್ಲಿಸದೆ ಆಚೆ. ಸೇತುವೆ ಬೇಕೇ ಇತ್ತು. ನಾಡಿಗೆಲ್ಲ ಕರೆಂಟು ಕೊಡಲು ಊರು ಬಿಟ್ಟುಕೊಟ್ಟ, ಹಿನ್ನೀರಿನಾಚೆಯ ತುಮರಿ ಕಡೆಯವರು ರಾತ್ರಿ ಹೊತ್ತು ಹೆರಿಗೆ ನೋವಿಗೂ ಲಾಂಚ್ ಕಾಯುತ್ತ ಆರು ದಶಕ ಕಳೆದದ್ದು ಸಾಕಾಗಿತ್ತು. ಆದರೆ ಕಾಯುವಿಕೆ ಹೋದ ಜಾಗದಿಂದ ಕಾಫಿಯೂ ಹೋಗುತ್ತದೆ, ಅದು ವ್ಯಾಪಾರದ ಮಾತು. ನಮ್ಮಲ್ಲಿ ಈಗ ದೇವಸ್ಥಾನಕ್ಕೆ ಹೋಗುವಾಗಿನ ಗಿರಾಕಿಗಿಂತ ಮುಗಿಸಿ ಬರುವಾಗಿನ ಗಿರಾಕಿ ಹೆಚ್ಚು. ಸಂಜೆಯ ಡಿಕಾಕ್ಷನ್ ಹೊತ್ತನ್ನು ಅದಕ್ಕೆ ತಕ್ಕಂತೆ ಬದಲಿಸಿದೆ.

ಕಾಯುವವನಿಗೂ ಓಡುವವನಿಗೂ ಒಂದೇ ಬಿಸಿ ಆಗುವುದಿಲ್ಲ. ಕೂತವನಿಗೆ ಸುಡುಸುಡು ಬೇಕು, ಅರ್ಧ ಗಂಟೆ ಎಳೆಯಬೇಕಲ್ಲ. ಕಂಡಕ್ಟರ್ ಸೀಟಿ ಊದುತ್ತಿದ್ದಾನೆ ಎಂದರೆ ಎರಡು ಸಲ ಹೆಚ್ಚು ಎತ್ತಿ ಹುಯ್ದು, ಆರಿಸಿ ಕೊಡಿ. ಬಾಯಿ ಸುಟ್ಟುಕೊಂಡು ಅರ್ಧ ಬಿಟ್ಟು ಓಡಿದವನು ಮುಂದಿನ ಸಲ ಎದುರಿನ ಹೋಟೆಲಿಗೆ ಹೋಗುತ್ತಾನೆ.

4. ಜುಲೈನ ಪುಡಿ ಮಾರ್ಚ್‌ನ ಪುಡಿಯಲ್ಲ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮಳೆಯ ಬಗ್ಗೆ ಹೊರಗಿನವರಿಗೆ ಹೇಳಬೇಕಾದ್ದಿಲ್ಲ. ಹೊಸನಗರದ ಹುಲಿಕಲ್, ತೀರ್ಥಹಳ್ಳಿಯ ಆಗುಂಬೆ ಹೆಸರು ಸಾಕು. ಆ ತೇವ ಡಬ್ಬಿಯೊಳಗೆ ಬರುತ್ತದೆ. ಪುಡಿ ಗಂಟು ಕಟ್ಟುತ್ತದೆ, ಘಮ ಬೇಗ ಹೋಗುತ್ತದೆ, ಡಿಕಾಕ್ಷನ್ ತೊಟ್ಟಿಕ್ಕುವುದು ನಿಧಾನವಾಗುತ್ತದೆ. ಅದಕ್ಕೆ ಮಳೆಗಾಲದಲ್ಲಿ ಪುಡಿ ಅಂಗಡಿಗೆ ಒಂದು ಹದ ತರಿಯಾಗಿ ಬೀಸಲು ಹೇಳುತ್ತೇನೆ, ಒಮ್ಮೆಗೆ ಎರಡು ದಿನದ್ದಷ್ಟೇ ತರಿಸುತ್ತೇನೆ. ಬಾಯ್ಲರ್ ಹತ್ತಿರ ಬೆಚ್ಚಗಿರುತ್ತದೆ ಎಂದು ಡಬ್ಬಿಯನ್ನು ಅಲ್ಲಿಡುವವರಿದ್ದಾರೆ. ಇಡಬೇಡಿ, ಅಲ್ಲಿ ಹಬೆ ಇನ್ನೂ ಜಾಸ್ತಿ. ಎಸ್‌ಪ್ರೆಸೊ ಮಾಡುವವರಿಗೆ ಇದು ಇನ್ನೂ ಕಷ್ಟ. ಬೆಳಿಗ್ಗೆ ಕೂಡಿಬಂದ ಗ್ರೈಂಡ್ ಮಧ್ಯಾಹ್ನ ಮಳೆ ಬಿದ್ದ ಮೇಲೆ ಕೂಡಿಬರುವುದಿಲ್ಲ.

ಕರೆಂಟಿನದೂ ಇದೇ ಕಥೆ. ಅಣೆಕಟ್ಟೆಯ ಮಗ್ಗುಲಲ್ಲಿದ್ದೇವೆ, ಗಾಳಿಮಳೆಗೆ ಮರ ಬಿದ್ದರೆ ದಿನಗಟ್ಟಲೆ ದೀಪವಿಲ್ಲ. ಪೇಟೆಯಿಂದ ಬಂದ ಉತ್ಸಾಹಿಗಳು ಇಲ್ಲಿ ದೊಡ್ಡ ಮಷಿನ್ ಇಟ್ಟು ಕ್ಯಾಪುಚಿನೊ ಅಂಗಡಿ ಮಾಡುವ ಯೋಚನೆ ಹೇಳಿದಾಗ ನಾನು ಕೇಳುವುದು ಒಂದೇ, ಜನರೇಟರ್ ಯಾವುದು? ಗ್ಯಾಸ್ ಬಾಯ್ಲರ್, ಹಿತ್ತಾಳೆ ಫಿಲ್ಟರ್ ಇದ್ದವನ ಕೌಂಟರ್ ಮೇಣದಬತ್ತಿಯಲ್ಲೂ ನಡೆಯುತ್ತದೆ.

5. ಹಾಲನ್ನು ಎರಡನೇ ಸಲ ಕುದಿಸಬೇಡಿ

ಡಿಕಾಕ್ಷನ್ ಎಷ್ಟೇ ಚೆನ್ನಾಗಿರಲಿ, ಲೋಟದಲ್ಲಿ ಮುಕ್ಕಾಲು ಪಾಲು ಹಾಲೇ. ಒಮ್ಮೆ ಕುದಿಸಿ, ಬಿಸಿ ಇರುವಂತೆ ಕಾಪಾಡಿಕೊಳ್ಳಿ. ಮತ್ತೆ ಮತ್ತೆ ಕುದಿಸಿದರೆ ಅಡಿ ಹಿಡಿದ ವಾಸನೆ ಬಂದೇ ಬರುತ್ತದೆ. ಸ್ವಲ್ಪ ಸ್ವಲ್ಪವೇ ಕಾಯಿಸುವುದು ಕೆಲಸ ಜಾಸ್ತಿ, ನಷ್ಟ ಕಡಿಮೆ. ಡಿಕಾಕ್ಷನ್ನನ್ನಂತೂ ಒಲೆಯ ಮೇಲೆ ಇಡಲೇಬಾರದು. ಬಿಸಿನೀರಿನ ಪಾತ್ರೆಯೊಳಗೆ ಇಳಿಸಿಟ್ಟರೆ ಸಾಕು. ಮಷಿನ್ನಿನ ಹಬೆಯಲ್ಲಿ ಹಾಲು ನೊರೆ ಬರಿಸುವಾಗ 60ರಿಂದ 65 ಡಿಗ್ರಿಗೆ ನಿಲ್ಲಿಸಬೇಕು, ಅದರಾಚೆ ಹಾಲಿನ ಸಿಹಿ ಹೋಗುತ್ತದೆ. ಇದನ್ನು ಸಾಗರದಲ್ಲಿ ಪಾಲಿಸಿದರೆ 'ಕಾಫಿ ತಣ್ಣಗಿದೆ' ಎಂದು ಲೋಟ ವಾಪಸ್ ಬರುತ್ತದೆ. ಊರಿನ ಬಾಯಿ ಪುಸ್ತಕದ ಡಿಗ್ರಿಗಿಂತ ದೊಡ್ಡದು.

6. ಕೌಂಟರಿನವನಿಗೆ ಕಿವಿ ಇರಲಿ, ಅಭಿಪ್ರಾಯ ಬೇಡ

ಬೆಂಗಳೂರಿನಲ್ಲಿ ಕಪ್ಪಿನ ಮೇಲೆ ಹೆಸರು ಬರೆಯುತ್ತಿದ್ದೆವು. ಹೆಸರು ಗೊತ್ತಿದ್ದರೂ ಮನುಷ್ಯ ಗೊತ್ತಿರಲಿಲ್ಲ. ಇಲ್ಲಿ ಹೆಸರು ಗೊತ್ತಿಲ್ಲದ ಎಷ್ಟೋ ಜನರ ಕಾಫಿ ಗೊತ್ತು. ಕೋರ್ಟಿನ ಗುಮಾಸ್ತರಿಗೆ ಬೈಟೂ, ಅದೂ ಜೊತೆಗಾರ ಬಂದ ಮೇಲೆ. ಮಂಡಿಯ ಹಮಾಲಿಗೆ ಸಕ್ಕರೆ ಮುಂದಾಗಿ. ಬಾಯಲ್ಲಿ ಕವಳ ಇಟ್ಟುಕೊಂಡೇ ಬೆರಳಲ್ಲಿ ತೋರಿಸುವ ಹೆಗಡೇರಿಗೆ ಅರ್ಧ ಲೋಟ, ಗಟ್ಟಿ. ಅಕ್ಟೋಬರಿನಲ್ಲಿ ಹೆಗ್ಗೋಡಿನ ನೀನಾಸಂ ಶಿಬಿರಕ್ಕೆ ಬಂದವರು ಪೇಟೆಗಿಳಿದರೆ ಹಾಲು ಹಾಕದ ಕಾಫಿ ಕೇಳುತ್ತಾರೆ, ನಾಟಕದ ಬಗ್ಗೆ ಜಗಳಾಡುತ್ತ ಅದನ್ನು ಆರಿಸಿಬಿಡುತ್ತಾರೆ.

ಅಡಿಕೆಗೆ ಎಲೆಚುಕ್ಕೆ ರೋಗ ಬಂದ ಮೇಲೆ ತೋಟದ ನಡುವೆ ರೊಬಸ್ಟಾ ನೆಟ್ಟವರು ಹೆಚ್ಚಾಗುತ್ತಿದ್ದಾರೆ. ಅವರಲ್ಲಿ ಕೆಲವರು ಮನೆಯಲ್ಲೇ ಹುರಿದ ಪುಡಿ ಪೊಟ್ಟಣ ಕಟ್ಟಿ ತಂದು 'ನಮ್ಮ ತೋಟದ್ದು, ಮಾಡಿ ಕುಡಿದು ಹೇಳು' ಅನ್ನುತ್ತಾರೆ. ಸಾಮಾನ್ಯವಾಗಿ ಹುರಿದದ್ದು ಹೆಚ್ಚಾಗಿರುತ್ತದೆ. ಹಾಗೇ ಹೇಳುತ್ತೇನೆ. ಕಾಫಿಯ ಬಗ್ಗೆ ನಿಜ ಹೇಳಬಹುದು.

ಉಳಿದದ್ದರ ಬಗ್ಗೆ ಬಾಯಿ ಮುಚ್ಚಿಕೊಂಡಿರಿ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬೇಕು ಎನ್ನುವವರು ಕೌಂಟರಿನ ಎಡಕ್ಕೆ, ಬೇಡ ಎನ್ನುವವರು ಬಲಕ್ಕೆ. 2,000 ಮೆಗಾವಾಟ್ ಅಂತ ಇವರು, ಸಿಂಗಳೀಕದ ಕಾಡು ಅಂತ ಅವರು. ಎರಡೂ ಕಡೆಯವರು ನನ್ನನ್ನು ನೋಡಿ 'ಅಲ್ಲವಾ?' ಎಂದು ಕೇಳುತ್ತಾರೆ. ನಾನು 'ಸಕ್ಕರೆ ಸರಿಯಿತ್ತಾ?' ಎಂದು ಕೇಳುತ್ತೇನೆ. ನನಗೆ ಅಭಿಪ್ರಾಯ ಇಲ್ಲವೆಂದಲ್ಲ, ಇದೆ. ಡ್ಯೂಟಿ ಮುಗಿದ ಮೇಲೆ.

7. ಕಾಲು, ಮಣಿಕಟ್ಟು, ನಿದ್ದೆ

ಫುಲ್ ಟೈಮ್ ಎಂಬುದರ ಅರ್ಥ ದೇಹಕ್ಕೆ ಮೊದಲು ಗೊತ್ತಾಗುತ್ತದೆ. ಮಣಿಕಟ್ಟು ಎಸ್‌ಪ್ರೆಸೊದವರ ಕಾಯಿಲೆ, ದಿನವಿಡೀ ಪುಡಿ ಒತ್ತಿದ್ದಕ್ಕೆ. ಭುಜ ಫಿಲ್ಟರ್ ಕಾಫಿಯವರದು, ಎತ್ತಿ ಹುಯ್ದದ್ದಕ್ಕೆ. ಹಿಮ್ಮಡಿ ಮತ್ತು ಮೀನಖಂಡ ಇಬ್ಬರಿಗೂ. ಮೊದಲ ಸಂಬಳದಲ್ಲಿ ಫೋನ್ ತಗೊಳ್ಳಬೇಡಿ, ಶೂ ತಗೊಳ್ಳಿ. ಮಳೆಗಾಲದಲ್ಲಿ ಲೋಟದ ನೀರು, ನೆಲದ ನೀರು, ಆಕಾಶದ ನೀರು ಸೇರಿ ಬೆರಳ ಸಂದಿಯೆಲ್ಲ ಸುಲಿಯುತ್ತದೆ. ರಾತ್ರಿ ಕೈಕಾಲು ಒರೆಸಿ ಒಣಗಿಸಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗುವುದು ನನ್ನ ಉಪಾಯ. ಹಬೆಯ ಸುಟ್ಟ ಗಾಯಕ್ಕೆ ಪೇಸ್ಟು, ಅರಿಶಿನ ಬೇಡ. ಹರಿಯುವ ತಣ್ಣೀರಿನಡಿ ಇಪ್ಪತ್ತು ನಿಮಿಷ ಕೈ ಹಿಡಿಯಿರಿ, ಸಾಲು ಕಾದರೆ ಕಾಯಲಿ.

ರುಚಿ ನೋಡಲೇಬೇಕಾದ ಕೆಲಸ ಇದು. ಆದರೆ ನೋಡಿದ್ದನ್ನೆಲ್ಲ ನುಂಗಬೇಕಾಗಿಲ್ಲ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ತನಕ ತೊಂದರೆಯಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೇಳುತ್ತದೆ. ಕೌಂಟರಿನವನು ಗುಟುಕು ಗುಟುಕಾಗಿಯೇ ಮಧ್ಯಾಹ್ನದೊಳಗೆ ಅದನ್ನು ದಾಟಬಲ್ಲ. ಕುಡಿದ ಕೆಫೀನಿನ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಬೆಳಗಿನ ಜಾವ ಏಳಬೇಕಾದವನು ಸಂಜೆಯ ಡಿಕಾಕ್ಷನ್ ಉಗುಳಿಯೇ ರುಚಿ ನೋಡಬೇಕು.

8. ಬೆಲೆ ಏರಿಸಿದ್ದು ಹಾಲಲ್ಲ, ಪುಡಿ

ಗಿರಾಕಿ ಬೈಯುವುದು ನಮಗೆ, ಆದ್ದರಿಂದ ಲೆಕ್ಕ ಗೊತ್ತಿರಬೇಕು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಒಂದು ಲೋಟಕ್ಕೆ 100 ಮಿಲಿ ಹಾಲು ಎಂದರೆ 40 ಪೈಸೆ. ಪುಡಿ ಲೋಟಕ್ಕೆ ಸುಮಾರು 10 ಗ್ರಾಂ. ಕಿಲೋಗೆ 100 ರೂಪಾಯಿ ಏರಿದರೆ ಲೋಟಕ್ಕೆ ಒಂದು ರೂಪಾಯಿ ಬಿತ್ತು. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬರ ಬಂದು 2024ರಲ್ಲಿ ಕಾಫಿ ಬೀಜದ ಬೆಲೆ ಜಗತ್ತಿನಲ್ಲೆಲ್ಲ ಹಾರಿದಾಗ ನಮ್ಮ ಪುಡಿಯೂ ಹಾರಿತು. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕರ್ನಾಟಕದಲ್ಲೇ, ಬೀಜದ ಊರು ಕೊಪ್ಪ, ಚಿಕ್ಕಮಗಳೂರು ನಮಗೆ ತೀರಾ ದೂರವೇನಲ್ಲ. ಆದರೂ ದರ ನಿಗದಿಯಾಗುವುದು ಲಂಡನ್, ನ್ಯೂಯಾರ್ಕಿನಲ್ಲಿ. ಇದನ್ನು ಗಿರಾಕಿಗೆ ವಿವರಿಸಲು ಹೋದರೆ ಹಿಂದಿನವರ ಕಾಫಿ ಆರುತ್ತದೆ. 'ಹೌದು ರಾಯರೇ, ಜಾಸ್ತಿಯಾಯ್ತು' ಅಂದುಬಿಡಿ.

9. ಸೇರುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ

ಹೋಟೆಲ್ ಕೆಲಸವೆಂದರೆ ಹೊತ್ತುಗೊತ್ತಿಲ್ಲ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಕಾನೂನು ಒಪ್ಪಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರದ ರಜೆ. ಹತ್ತು ಜನ ಕೆಲಸಗಾರರಿದ್ದು ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗಿದ್ದರೆ ಇಎಸ್‌ಐ ಸಿಗಬೇಕು. ಆದ್ದರಿಂದ ಕೇಳಿ: ಎಷ್ಟು ಗಂಟೆ, ಯಾವ ದಿನ ರಜೆ, ಇಎಸ್‌ಐ ಪಿಎಫ್ ಇದೆಯಾ, ಟಿಪ್ಸ್ ಯಾರಿಗೆ. ನಾನು ಕೇಳಿದಾಗ ಒಂದು ಕಡೆ ಕೆಲಸ ಕೊಡಲಿಲ್ಲ. ಅಲ್ಲಿ ಸೇರದೇ ಇದ್ದದ್ದು ಒಳ್ಳೆಯದೇ ಆಯಿತು.

ಕಾಫಿ ಮಾಡುವವರೇ ಯಜಮಾನರಾದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಕಾಫಿ ಬೋರ್ಡ್ ತನ್ನ ಇಂಡಿಯಾ ಕಾಫಿ ಹೌಸ್‌ಗಳನ್ನು ಮುಚ್ಚಿ ಕೆಲಸಗಾರರನ್ನು ತೆಗೆದಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಒತ್ತಾಸೆಯಿಂದ ಅವರೆಲ್ಲ ಸೇರಿ ಸಹಕಾರ ಸಂಘ ಕಟ್ಟಿದರು. ಮೊದಲ ಸಂಘ ಶುರುವಾದದ್ದು 1957ರಲ್ಲಿ, ಬೆಂಗಳೂರಿನಲ್ಲಿ. ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟಿನ ಕಾಫಿ ಹೌಸಿನಲ್ಲಿ ಕೂತು, ಬಿಳಿ ಯೂನಿಫಾರಂ, ಪೇಟ ತೊಟ್ಟವರ ನಡಿಗೆ ನೋಡಿ. ಯಾರೂ ಓಡುವುದಿಲ್ಲ.

ಕಲಿಯಬೇಕೆನ್ನುವವರಿಗೆ ಬೆಂಗಳೂರಿನ ಕಾಫಿ ಬೋರ್ಡ್ ತರಬೇತಿ ಕೊಡುತ್ತದೆ, ಹುರಿಯುವುದು, ರುಚಿ ನೋಡುವುದು ಎಲ್ಲ ಹೇಳಿಕೊಡುತ್ತಾರೆ. ಸಾಲಿನಲ್ಲಿ ಮೂವತ್ತು ಜನ ನಿಂತಾಗ ಕೈ ನಡುಗದೇ ಇರುವುದನ್ನು ಅಲ್ಲಿ ಕಲಿಸಲಾಗುವುದಿಲ್ಲ. ಅದಕ್ಕೆ ಮೂರು ವರ್ಷಕ್ಕೊಮ್ಮೆಯ ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಒಂಬತ್ತು ದಿನ ಕೌಂಟರ್ ಹಿಡಿಯಿರಿ.

10. ಕೊನೆಯದು, ಲೋಟದ ಆಚೆ ಬದಿಯವರಿಗೆ

ಸಕ್ಕರೆ ಬೇಡದಿದ್ದರೆ ಟೋಕನ್ ಕೊಡುವಾಗಲೇ ಹೇಳಿ. ನಮ್ಮ ಕಡೆ ಲೋಟಕ್ಕೆ ಮೊದಲು ಬೀಳುವುದು ಸಕ್ಕರೆ. ಹುಯ್ದಾದ ಮೇಲೆ 'ಶುಗರ್ ಇದೆ ನನಗೆ' ಅಂದರೆ ಆ ಲೋಟವನ್ನು ಚೆಲ್ಲಬೇಕು, ಇಲ್ಲವೇ ನಾನು ಕುಡಿಯಬೇಕು. ಎರಡೂ ನಷ್ಟವೇ. ಬೈಟೂ ಬೇಕಿದ್ದರೆ ಸಂಕೋಚ ಬೇಡ, ಎರಡು ಲೋಟ ತೊಳೆಯುವುದು ನಮಗೆ ಅಭ್ಯಾಸ. ಕಾಫಿ ಚೆನ್ನಾಗಿಲ್ಲದಿದ್ದರೆ ಯಜಮಾನರಿಗೆ ಹೇಳುವ ಮೊದಲು ನನಗೆ ಹೇಳಿ, ಬೇರೆ ಮಾಡಿಕೊಡುತ್ತೇನೆ. ಚೆನ್ನಾಗಿದ್ದರೆ ಯಜಮಾನರಿಗೇ ಹೇಳಿ.